ಆಯಿಲ್ ದೀಪ ಮಿಣುಕಿದರೆ ಮೊದಲು ಏನು ನೋಡಬೇಕು? ಓದುಗರ ಪ್ರಶ್ನೆ, ನಮ್ಮ ಉತ್ತರ

ಹಳೆಯ ಟ್ರಯಂಫ್ ಸ್ಪಿಟ್‌ಫೈರ್ ಮತ್ತು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಇಟ್ಟುಕೊಂಡ ಓದುಗರಿಂದ ಆಯಿಲ್ ದೀಪದ (ಎಂಜಿನ್ ಆಯಿಲ್ ಒತ್ತಡ ಕುಸಿದಾಗ ಡ್ಯಾಶ್‌ಬೋರ್ಡ್‌ನಲ್ಲಿ ಹತ್ತುವ ಎಚ್ಚರಿಕೆ ದೀಪ) ಬಗ್ಗೆ ಒಂದೇ ಬಗೆಯ ಹಲವು ಪ್ರಶ್ನೆಗಳು ಬಂದಿವೆ. ಕೊವೆಂಟ್ರಿಯ ಕ್ಯಾನ್ಲಿಯಲ್ಲಿ ತಯಾರಾದ ಸ್ಪಿಟ್‌ಫೈರ್ 1500ರ ಎಂಜಿನ್ನೂ ಮದ್ರಾಸಿನಲ್ಲಿ ತಯಾರಾದ ಹೆರಾಲ್ಡ್‌ನ 948 ಸಿಸಿ ಎಂಜಿನ್ನೂ ಒಂದೇ ಮನೆತನದವು. ಆದ್ದರಿಂದ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನನ್ನದು 1978ರ ಸ್ಪಿಟ್‌ಫೈರ್ 1500. ಬೆಳಿಗ್ಗೆ ಏನೂ ತೊಂದರೆಯಿಲ್ಲ. ಮೋಟರ್‌ವೇನಲ್ಲಿ ಅರ್ಧ ಗಂಟೆ ಓಡಿಸಿ ಸಿಗ್ನಲ್‌ನಲ್ಲಿ ನಿಲ್ಲಿಸಿದರೆ ಆಯಿಲ್ ದೀಪ ಮಿಣುಕುತ್ತದೆ. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಆರುತ್ತದೆ. ದೀಪ ಹತ್ತಿಸುವ ಸ್ವಿಚ್ ಬದಲಾಯಿಸಿದರೆ ಸಾಕು ಎಂದು ಸ್ನೇಹಿತರು ಹೇಳುತ್ತಾರೆ. ಹೌದೇ? (ಬರ್ಮಿಂಗ್‌ಹ್ಯಾಮ್)

ಉತ್ತರ: ಸ್ವಿಚ್ ಇರಬಹುದು. ಆದರೆ ಒತ್ತಡ ಅಳೆಯದೆ ಸ್ವಿಚ್ ಬದಲಾಯಿಸಿ ನಿಶ್ಚಿಂತರಾಗಬೇಡಿ. ಈ ದೀಪ ಒತ್ತಡ ಎಷ್ಟಿದೆ ಎಂದು ಹೇಳುವುದಿಲ್ಲ, ಒತ್ತಡ ಬಹುತೇಕ ಮುಗಿದಿದೆ ಎಂದಷ್ಟೇ ಹೇಳುತ್ತದೆ. ಇಂಥ ಸ್ವಿಚ್‌ಗಳು ಸಾಮಾನ್ಯವಾಗಿ 3ರಿಂದ 7 ಪಿಎಸ್‌ಐ (ಒತ್ತಡದ ಅಳತೆ) ಒಳಗೆ ಕೆಲಸ ಮಾಡುತ್ತವೆ. ದೀಪ ನಿಜ ಹೇಳುತ್ತಿದ್ದರೆ, ಅದು ಮಿಣುಕುವ ಹೊತ್ತಿಗೆ ಕ್ರ್ಯಾಂಕ್‌ಶಾಫ್ಟ್ ಬೇರಿಂಗ್‌ಗಳಿಗೆ ಸಿಗುತ್ತಿರುವ ಆಯಿಲ್ ಏನೇನೂ ಸಾಲದು.

ಮೊದಲು ಡಿಪ್‌ಸ್ಟಿಕ್ ನೋಡಿ. ಕಾರು ಸಮತಟ್ಟಾದ ಜಾಗದಲ್ಲಿ ನಿಂತು ಹತ್ತು ನಿಮಿಷವಾಗಿರಲಿ. ಮಟ್ಟ ಕಡಿಮೆಯಿದ್ದರೆ ತುಂಬಿ. ಮಟ್ಟ ಮೇಲಿನ ಗೆರೆಯನ್ನೂ ದಾಟಿದ್ದರೆ ಸಂತೋಷಪಡಬೇಡಿ, ಕಡ್ಡಿಯನ್ನು ಮೂಸಿ. ಪೆಟ್ರೋಲ್ ವಾಸನೆ ಬಂದರೆ, ಬ್ಲಾಕ್‌ಗೆ ಬೋಲ್ಟ್ ಆಗಿರುವ ಮೆಕ್ಯಾನಿಕಲ್ ಫ್ಯುಯೆಲ್ ಪಂಪ್‌ನ ಡಯಾಫ್ರಮ್ ಹರಿದು ಪೆಟ್ರೋಲ್ ಸಂಪ್‌ಗೆ (ಎಂಜಿನ್ ತಳದ ಆಯಿಲ್ ತೊಟ್ಟಿ) ಇಳಿಯುತ್ತಿದೆ ಎಂದು ಶಂಕಿಸಬೇಕು. ಹಾಗೆ ತೆಳುವಾದ ಆಯಿಲ್ ಬಿಸಿಯಾದಾಗ ನೀರಿನಂತಾಗಿ ಒತ್ತಡ ಕುಸಿಯುತ್ತದೆ. ಬೆಂಕಿಯ ಅಪಾಯವೂ ಇದೆ. ಪಂಪ್ ರಿಪೇರಿ ಮಾಡಿಸಿ ಆಯಿಲ್, ಫಿಲ್ಟರ್ ಎರಡನ್ನೂ ಬದಲಾಯಿಸುವವರೆಗೆ ಎಂಜಿನ್ ಸ್ಟಾರ್ಟ್ ಮಾಡಬೇಡಿ.

ಯಾವ ಆಯಿಲ್ ಹಾಕಿದ್ದೀರಿ ಎಂದು ಬರೆದಿಲ್ಲ. ಈ ಎಂಜಿನ್‌ಗೆ 20W-50 ಮಿನರಲ್ ಆಯಿಲ್ ಬೇಕು, ಫಿಲ್ಟರ್ ಸೇರಿ ಸುಮಾರು 4.5 ಲೀಟರ್. ಈಗಿನ ಕಾರುಗಳ 5W-30 ಹಾಕಿದ್ದರೆ ನೀವು ಹೇಳಿದ ಲಕ್ಷಣವೇ ಕಾಣಿಸಿಕೊಳ್ಳುತ್ತದೆ. ಓವರ್‌ಡ್ರೈವ್ (ವೇಗದಲ್ಲಿ ಎಂಜಿನ್ ನಿಧಾನ ತಿರುಗುವಂತೆ ಮಾಡುವ ಹೆಚ್ಚುವರಿ ಗೇರ್) ಇಲ್ಲದ 1500, ಗಂಟೆಗೆ 70 ಮೈಲಿ ವೇಗದಲ್ಲಿ 4000 ಆರ್‌ಪಿಎಂ ಹತ್ತಿರ ತಿರುಗುತ್ತಿರುತ್ತದೆ. ಆ ಬಿಸಿಗೆ ತೆಳು ಆಯಿಲ್ ತಡೆಯುವುದಿಲ್ಲ.

ಇಷ್ಟೂ ಸರಿಯಿದ್ದರೆ ಗೇಜ್ ಜೋಡಿಸಿ. ಸ್ಪಿಟ್‌ಫೈರ್‌ಗೆ ಕಾರ್ಖಾನೆಯಿಂದ ಆಯಿಲ್ ಪ್ರೆಶರ್ ಗೇಜ್ ಬರಲೇ ಇಲ್ಲ. ಡಿಸ್ಟ್ರಿಬ್ಯೂಟರ್ ಇರುವ ಬದಿಯಲ್ಲೇ ಬ್ಲಾಕ್‌ನಲ್ಲಿ ಆಯಿಲ್ ಸ್ವಿಚ್ ಇದೆ. ಅದನ್ನು ಬಿಚ್ಚಿ ಅಲ್ಲಿಗೆ ಮೆಕ್ಯಾನಿಕಲ್ ಗೇಜ್ ಹಾಕಿ. ಅಡಾಪ್ಟರ್‌ನ ಥ್ರೆಡ್ ಹಳೆಯ ಸ್ವಿಚ್‌ನದಕ್ಕೆ ಹೊಂದುತ್ತದೆಯೇ ಎಂದು ಕೈಯಲ್ಲೇ ತಿರುಗಿಸಿ ನೋಡಿ, ಸ್ಪ್ಯಾನರ್ ಹಾಕಿ ಬಲವಂತ ಮಾಡಬೇಡಿ. ಗೇಜ್ ಅಲ್ಲೇ ಉಳಿಸಿಕೊಳ್ಳುವುದಾದರೆ ಟಿ-ಪೀಸ್ ಹಾಕಿ ದೀಪದ ಸ್ವಿಚ್ಚನ್ನೂ ಉಳಿಸಿಕೊಳ್ಳಿ. ತೆಳು ಪ್ಲಾಸ್ಟಿಕ್ ನಳಿಕೆ ಬೇಡ. ಅದು ಎಕ್ಸಾಸ್ಟ್‌ಗೆ ತಗಲಿ ಕರಗಿದರೆ ಎಂಜಿನ್ ಆಯಿಲ್ ಪೂರ್ತಿ ರಸ್ತೆಗೆ ಹೋಗುತ್ತದೆ.

ಇಪ್ಪತ್ತು ಮೈಲಿ ಓಡಿಸಿ ಪೂರ್ತಿ ಬಿಸಿಯಾದ ಮೇಲೆ ಅಳೆಯಿರಿ, ತಣ್ಣಗಿರುವಾಗಿನ ಅಂಕಿ ಎಲ್ಲರಿಗೂ ಚೆನ್ನಾಗಿಯೇ ಬರುತ್ತದೆ. 2000 ಆರ್‌ಪಿಎಂನಲ್ಲಿ 40ರಿಂದ 60 ಪಿಎಸ್‌ಐ ಇರಬೇಕು. ಬಿಸಿ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ತಿರುಗುವಾಗ) 15 ಇದ್ದರೂ ನಾವು ಚಿಂತೆ ಮಾಡುವುದಿಲ್ಲ. ಅಷ್ಟು ಒತ್ತಡವಿದ್ದೂ ದೀಪ ಮಿಣುಕಿದರೆ ತಪ್ಪು ಸ್ವಿಚ್‌ನದೇ, ಸ್ನೇಹಿತರ ಮಾತು ನಿಜ.

2000 ಆರ್‌ಪಿಎಂನಲ್ಲಿ 30ಕ್ಕಿಂತ ಕಡಿಮೆಯಿದ್ದರೆ ರಿಲೀಫ್ ವಾಲ್ವ್‌ನಿಂದ ಶುರು ಮಾಡಿ. ಬ್ಲಾಕ್‌ನ ಬದಿಯ ಷಟ್ಕೋನ ತಲೆಯ ಕ್ಯಾಪ್ ಬಿಚ್ಚಿದರೆ ಸ್ಪ್ರಿಂಗ್ ಮತ್ತು ಪ್ಲಂಜರ್ ಹೊರಬರುತ್ತವೆ. ಪ್ಲಂಜರ್‌ನ ಕೂರುವ ಅಂಚಿನಲ್ಲಿ ಗೀರು ಅಥವಾ ಕಸ ಇದ್ದರೆ ಆಯಿಲ್ ಅಲ್ಲಿಂದಲೇ ಸಂಪ್‌ಗೆ ವಾಪಸಾಗುತ್ತದೆ. ಸ್ಪ್ರಿಂಗ್ ಕೆಳಗೆ ವಾಷರ್ ಸೇರಿಸಿ ಒತ್ತಡ ಏರಿಸುವ ಉಪಾಯವನ್ನು ಹಲವರು ಹೇಳುತ್ತಾರೆ. ದಯವಿಟ್ಟು ಮಾಡಬೇಡಿ. ಆ ವಾಲ್ವ್ ಒತ್ತಡದ ಮೇಲ್ಮಿತಿಯನ್ನು ಕಾಯುವುದು. ಐಡಲ್‌ನಲ್ಲಿ ಅದು ಹೇಗೂ ಮುಚ್ಚಿಯೇ ಇರುತ್ತದೆ, ನಿಮ್ಮ ತೊಂದರೆಗೆ ಅದರಿಂದ ಪರಿಹಾರವಿಲ್ಲ.

ಹಿಂದಿನ ಮಾಲೀಕರು ರಾಕರ್ ಶಾಫ್ಟ್‌ಗೆ (ವಾಲ್ವ್ ಒತ್ತುವ ರಾಕರ್‌ಗಳು ಕೂರುವ ದಂಡ) ಹೊರಗಿನಿಂದ ಆಯಿಲ್ ಪೈಪ್ ಹಾಕಿಸಿದ್ದಾರೆಯೇ ನೋಡಿ. ಬ್ಲಾಕ್‌ನಿಂದ ಹೆಡ್‌ನ ಹಿಂಭಾಗಕ್ಕೆ ಏರುವ ತೆಳು ಪೈಪ್ ಅದು. ರಾಕರ್ ಸದ್ದು ತಗ್ಗಲಿ ಎಂದು ಹಾಕುತ್ತಾರೆ. ಆದರೆ ಬೇರಿಂಗ್‌ಗೆ ಹೋಗಬೇಕಾದ ಆಯಿಲ್ ಮೇಲಕ್ಕೆ ಹರಿಯುತ್ತದೆ, ವಾಲ್ವ್ ಗೈಡ್ ಮೂಲಕ ಇಳಿದು ನೀಲಿ ಹೊಗೆಯೂ ಬರುತ್ತದೆ. ತೆಗೆದು ರಂಧ್ರ ಮುಚ್ಚಿಸಿ, ಮತ್ತೆ ಅಳೆಯಿರಿ.

ಆಮೇಲೂ ಅಂಕಿ ಏರದಿದ್ದರೆ ಸಂಪ್ ಇಳಿಸಲೇಬೇಕು. ಎಂಜಿನ್ ಕಾರಿನಲ್ಲೇ ಇರುವಾಗ ಈ ಕೆಲಸ ಸಾಧ್ಯ. ಮುಂದಿನ ಅಂಚಿನ ಬೋಲ್ಟ್‌ಗಳು ಅಲ್ಯೂಮಿನಿಯಂ ಸೀಲಿಂಗ್ ಬ್ಲಾಕ್‌ಗೆ ಹೋಗುತ್ತವೆ. ಅಲ್ಲಿನ ಥ್ರೆಡ್ ಬಹಳ ಬೇಗ ಕಿತ್ತುಬರುತ್ತದೆ, ಜೋಡಿಸುವಾಗ ಕೈ ಹಗುರವಾಗಿರಲಿ. ಬಿಗ್-ಎಂಡ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕ್‌ಗೆ ಸೇರುವ ತುದಿ) ಬೇರಿಂಗ್ ಶೆಲ್‌ಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ. ಬೂದು ಪದರ ಸವೆದು ತಾಮ್ರದ ಬಣ್ಣ ಕಂಡರೆ ಅವುಗಳ ಆಯುಸ್ಸು ಮುಗಿದಿದೆ. ಜರ್ನಲ್ (ಬೇರಿಂಗ್ ಕೂರುವ ಕ್ರ್ಯಾಂಕ್‌ನ ಭಾಗ) ಉಗುರಿಗೆ ಗೀರು ಸಿಗದಷ್ಟು ನುಣುಪಾಗಿದ್ದು ಮೈಕ್ರೋಮೀಟರ್‌ನಲ್ಲಿ ಅಂಡಾಕಾರ ತೋರದಿದ್ದರೆ ಅದೇ ಅಳತೆಯ ಹೊಸ ಶೆಲ್ ಸಾಕು. ಇಲ್ಲದಿದ್ದರೆ ಕ್ರ್ಯಾಂಕ್ ಗ್ರೈಂಡ್ ಮಾಡಿಸಬೇಕು. ಆಯಿಲ್ ಪಂಪ್ ಕೂಡ ಕೈಗೆ ಸಿಗುತ್ತದೆ. ರೋಟರ್ ಮೇಲ್ಮೈ ಮತ್ತು ಮುಚ್ಚಳದ ನಡುವೆ 0.10 ಮಿ.ಮೀ., ಹೊರ ರೋಟರ್ ಮತ್ತು ಬಾಡಿ ನಡುವೆ ಕೈಪಿಡಿ ಹೇಳುವ ಮಿತಿ ದಾಟಿದ್ದರೆ ಹೊಸ ಪಂಪ್ ಹಾಕಿ.

ಸಂಪ್ ಇಳಿಸುವ ಮುನ್ನ ಇನ್ನೊಂದು ಪರೀಕ್ಷೆ. ಎಂಜಿನ್ ನಿಂತಿರಲಿ, ಒಬ್ಬರು ಕ್ಲಚ್ ತುಳಿಯಲಿ, ನೀವು ಮುಂದಿನ ಪುಲ್ಲಿಯನ್ನು ನೋಡಿ. ಪುಲ್ಲಿ ಕಣ್ಣಿಗೆ ಕಾಣುವಷ್ಟು ಮುಂದೆ ಸರಿದರೆ ಥ್ರಸ್ಟ್ ವಾಷರ್ (ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಬಿಲ್ಲೆ) ಸವೆದಿದೆ. ಈ ಎಂಜಿನ್‌ಗಳ ದೊಡ್ಡ ಕಾಯಿಲೆ ಅದು. ವಾಷರ್ ಕಳಚಿ ಸಂಪ್‌ಗೆ ಬಿದ್ದರೆ ಕ್ರ್ಯಾಂಕ್ ನೇರವಾಗಿ ಬ್ಲಾಕನ್ನೇ ಉಜ್ಜುತ್ತದೆ, ಆಗ ಬ್ಲಾಕ್ ಉಳಿಸುವುದು ಕಷ್ಟ. ಹೇಗೂ ಸಂಪ್ ಬಿಚ್ಚುತ್ತೀರಿ, ಅದನ್ನೂ ಆಗಲೇ ಬದಲಾಯಿಸಿಬಿಡಿ.

ಪ್ರಶ್ನೆ: ಸ್ಪಿಟ್‌ಫೈರ್ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಐದಾರು ಸೆಕೆಂಡ್ ದೀಪ ಆರುವುದಿಲ್ಲ, ಕೆಳಗಿನಿಂದ ಕಟಕಟ ಸದ್ದು. ಆಮೇಲೆ ದಿನವಿಡೀ ಸರಿ. ಸರ್ವಿಸ್ ಆದ ಮೇಲೆ ಶುರುವಾಯಿತು. (ಲೆಸ್ಟರ್)

ಉತ್ತರ: ಕೊನೆಯ ವಾಕ್ಯದಲ್ಲೇ ಉತ್ತರವಿದೆ, ಫಿಲ್ಟರ್. ಈ ಕಾರಿನಲ್ಲಿ ಫಿಲ್ಟರ್ ಕೆಳಮುಖವಾಗಿ ನೇತಾಡದೆ ಬ್ಲಾಕ್‌ಗೆ ಅಡ್ಡಲಾಗಿ ಕೂರುತ್ತದೆ. ಒಳಗೆ ಆಯಿಲ್ ವಾಪಸು ಹರಿಯದಂತೆ ತಡೆಯುವ ರಬ್ಬರ್ ವಾಲ್ವ್ ಇಲ್ಲದಿದ್ದರೆ ರಾತ್ರಿಯಲ್ಲಿ ಫಿಲ್ಟರ್ ಖಾಲಿಯಾಗುತ್ತದೆ. ಬೆಳಿಗ್ಗೆ ಪಂಪ್ ಮೊದಲು ಅದನ್ನು ತುಂಬಿ, ಆಮೇಲೆ ಬೇರಿಂಗ್‌ಗೆ ಕಳಿಸಬೇಕು. ಥ್ರೆಡ್ ಹೊಂದುತ್ತದೆ ಎಂದು ಯಾವುದೋ ಅಗ್ಗದ ಫಿಲ್ಟರ್ ಹಾಕಿರುತ್ತಾರೆ. ಆ್ಯಂಟಿ-ಡ್ರೇನ್ ವಾಲ್ವ್ ಇರುವುದನ್ನೇ ಕೇಳಿ ತನ್ನಿ. ಅಂಚಿನ ಸಣ್ಣ ರಂಧ್ರಗಳ ಹಿಂದೆ ರಬ್ಬರ್ ಪೊರೆ ಕಾಣಬೇಕು. ಮುಂದಿನ ಸರ್ವಿಸ್‌ವರೆಗೆ ಕಾಯಬೇಡಿ, ಆ ಐದು ಸೆಕೆಂಡ್ ದಿನವೂ ಬಿಗ್-ಎಂಡ್ ಸವೆಸುತ್ತಿದೆ.

ಪ್ರಶ್ನೆ: ಎರಡು ವರ್ಷ ಶೆಡ್‌ನಲ್ಲಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಮತ್ತೆ ಓಡಿಸಬೇಕೆಂದಿದ್ದೇನೆ. ಕೀ ತಿರುಗಿಸಿದರೆ ಆಯಿಲ್ ದೀಪ ಹತ್ತುವುದೇ ಇಲ್ಲ. (ಮೈಸೂರು)

ಉತ್ತರ: ದೀಪ ಹತ್ತುವವರೆಗೆ ಎಂಜಿನ್ ಸ್ಟಾರ್ಟ್ ಮಾಡಬೇಡಿ. ಸರ್ಕ್ಯೂಟ್ ಬಹಳ ಸರಳ: ಇಗ್ನಿಷನ್‌ನಿಂದ ಕರೆಂಟ್ ಬಲ್ಬ್‌ಗೆ, ಅಲ್ಲಿಂದ ಬ್ಲಾಕ್‌ನ ಸ್ವಿಚ್‌ಗೆ, ಸ್ವಿಚ್ ಮೂಲಕ ಅರ್ತ್‌ಗೆ. ಸ್ವಿಚ್‌ನ ವೈರ್ ಬಿಳಿ ಮೇಲೆ ಕಂದು ಗೆರೆಯದು. ಮರುವೈರಿಂಗ್ ಆಗಿದ್ದರೆ ಬಣ್ಣ ನಂಬದೆ ವೈರ್ ಹಿಡಿದು ಹೋಗಿ. ಅದನ್ನು ಕಿತ್ತು, ಕೀ ಆನ್ ಮಾಡಿ, ತುದಿಯನ್ನು ಬ್ಲಾಕ್‌ನ ಬಣ್ಣವಿಲ್ಲದ ಕಬ್ಬಿಣಕ್ಕೆ ಮುಟ್ಟಿಸಿ. ದೀಪ ಹತ್ತಿದರೆ ಸ್ವಿಚ್ ಕೆಟ್ಟಿದೆ, ಇಲ್ಲವೇ ಥ್ರೆಡ್‌ಗೆ ಸುತ್ತಿದ ಟೆಫ್ಲಾನ್ ಟೇಪ್ ಅರ್ತ್ ತಪ್ಪಿಸಿದೆ. ಹತ್ತದಿದ್ದರೆ ಬಲ್ಬ್, ಹೋಲ್ಡರ್, ವೈರ್ ನೋಡಿ. ಇಗ್ನಿಷನ್ ದೀಪ ಹತ್ತುತ್ತಿದ್ದರೆ ಕರೆಂಟ್ ಬಹುಶಃ ಡ್ಯಾಶ್‌ಬೋರ್ಡ್‌ವರೆಗೆ ಬರುತ್ತಿದೆ. ಬ್ಯಾಟರಿಯ ಪಾಸಿಟಿವ್ ಅರ್ತ್ ಆಗಿದ್ದರೂ ಪರೀಕ್ಷೆ ಇದೇ, ಬಲ್ಬ್‌ಗೆ ದಿಕ್ಕಿಲ್ಲ.

ದೀಪ ಸರಿಯಾದ ಮೇಲೆ ಹಳೆಯ ಆಯಿಲ್ ಇಳಿಸಿ 20W-50 ತುಂಬಿ. ಎಲಿಮೆಂಟ್ ಮಾತ್ರ ಬದಲಾಯಿಸುವ ಬಟ್ಟಲು ಮಾದರಿಯ ಫಿಲ್ಟರ್ ಇದ್ದರೆ ತೋಡಿನೊಳಗಿನ ಹಳೆಯ ರಬ್ಬರ್ ರಿಂಗನ್ನು ಸೂಜಿಯಿಂದ ಎತ್ತಿ ತೆಗೆದೇ ಹೊಸದನ್ನು ಕೂರಿಸಿ. ಒಂದರ ಮೇಲೊಂದು ಕೂತರೆ ಒತ್ತಡ ಬಂದ ಕೂಡಲೇ ಆಯಿಲ್ ಚಿಮ್ಮುತ್ತದೆ. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ರಂಧ್ರಕ್ಕೂ ಒಂದು ಚಮಚ ಆಯಿಲ್ ಬಿಟ್ಟು, ಕಾಯಿಲ್ ವೈರ್ ತೆಗೆದಿಟ್ಟು ಸ್ಟಾರ್ಟರ್ ತಿರುಗಿಸಿ. ಹತ್ತು ಸೆಕೆಂಡಿಗೊಮ್ಮೆ ನಿಲ್ಲಿಸಿ ಸ್ಟಾರ್ಟರ್ ತಣಿಯಲು ಬಿಡಿ. ದೀಪ ಆರಿದ ಮೇಲೆಯೇ ಪ್ಲಗ್ ಹಾಕಿ. ನಾಲ್ಕೈದು ಸಲ ತಿರುಗಿಸಿದರೂ ಆರದಿದ್ದರೆ ಪಂಪ್ ಆಯಿಲ್ ಎಳೆಯುತ್ತಿಲ್ಲ. ಸ್ವಿಚ್ ಬಿಚ್ಚಿದ ರಂಧ್ರದಿಂದ ಆಯಿಲ್ ಕ್ಯಾನ್‌ನಲ್ಲಿ ಒಳಗೆ ಒತ್ತಿ ತುಂಬಿ ಮತ್ತೆ ಪ್ರಯತ್ನಿಸಿ.

ಪ್ರಶ್ನೆ: ತಿರುವಿನಲ್ಲಿ, ಜೋರಾಗಿ ಬ್ರೇಕ್ ಹಾಕಿದಾಗ ಮಾತ್ರ ದೀಪ ಹತ್ತುತ್ತದೆ. (ರೀಡಿಂಗ್)

ಉತ್ತರ: ಆಯಿಲ್ ಕಡಿಮೆಯಿದೆ, ಪಿಕಪ್ (ಸಂಪ್‌ನಿಂದ ಆಯಿಲ್ ಹೀರುವ ನಳಿಕೆ) ಗಾಳಿ ಎಳೆಯುತ್ತಿದೆ. ಮೇಲಿನ ಗೆರೆಯವರೆಗೆ ತುಂಬಿ. ತುಂಬಿದ ಮೇಲೂ ಹತ್ತಿದರೆ ಸ್ವಿಚ್‌ನ ವೈರ್ ಎಲ್ಲೋ ಉಜ್ಜಿ ಹೋಗಿ ಎಂಜಿನ್ ಅಲುಗಿದಾಗ ಬ್ಲಾಕ್‌ಗೆ ತಗಲುತ್ತಿರಬಹುದು. ಕೀ ಆನ್ ಇಟ್ಟು ವೈರನ್ನು ಸ್ವಿಚ್‌ನಿಂದ ಬಿಡಿಸಿ, ಉದ್ದಕ್ಕೂ ಅಲ್ಲಾಡಿಸಿ. ದೀಪ ಹತ್ತಿದ ಜಾಗದಲ್ಲೇ ಇನ್ಸುಲೇಷನ್ ಹೋಗಿರುತ್ತದೆ. ಸ್ವಿಚ್‌ನ ಟರ್ಮಿನಲ್ ಬಳಿ ಆಯಿಲ್ ಜಿನುಗುತ್ತಿದ್ದರೆ ಸ್ವಿಚ್ಚನ್ನೂ ಬದಲಾಯಿಸಿ.