ದುರ್ಗದ ಬಿಸಿಲಿಗೆ ಕಣ್ಣು ಹೊಂದಿಸಿಕೊಳ್ಳಿ

(ಮಲೆನಾಡಿನ ಸಾಗರ ಎಂಬ ಊರಿನ ಕಡೆಯಿಂದ ಬಂದು ಚಿತ್ರದುರ್ಗದಲ್ಲಿ ಫೋಟೊ ಸ್ಟುಡಿಯೊ ಇಟ್ಟಿರುವ ಓದುಗರೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಹೆಸರು ಪ್ರಕಟಿಸಬೇಡಿ ಎಂದಿದ್ದಾರೆ. ಪತ್ರದ ಸಾರ ಹೀಗಿದೆ: "ಪತ್ನಿಗೆ ವರ್ಗವಾದ್ದರಿಂದ ಕಳೆದ ವರ್ಷ ಇಲ್ಲಿಗೆ ಬಂದೆ. ಊರಿನಲ್ಲಿ ಮಳೆ, ಕಾಡು, ತೋಟ ಎಂದು ಸದಾ ಏನಾದರೂ ತೆಗೆಯುತ್ತಿದ್ದೆ. ಇಲ್ಲಿ ಕಾಣುವುದು ಬಂಡೆ, ಬಿಸಿಲು. ಕೋಟೆಯನ್ನು ಎಲ್ಲರೂ ತೆಗೆದಾಗಿದೆ. ದಿನವೆಲ್ಲ ಪಾಸ್‌ಪೋರ್ಟ್ ಅಳತೆಯ ಫೋಟೊ, ಮುಹೂರ್ತವಿದ್ದರೆ ಮದುವೆ. ಹೊರಗೆ ತೆಗೆದರೆ ಮುಖಗಳು ಕಪ್ಪಾಗುತ್ತವೆ, ಗಿರಾಕಿಗಳು ಬೆಳ್ಳಗೆ ಮಾಡಿಕೊಡಿ ಎನ್ನುತ್ತಾರೆ. ಪರಿಚಯದವರಿಲ್ಲದ ಊರಿನಲ್ಲಿ ಕ್ಯಾಮೆರಾ ಎತ್ತಲು ಸಂಕೋಚ. ಬೆಂಗಳೂರಿಗೆ ಹೋಗಿಬಿಡಲೇ? ಹೊಸ ಲೆನ್ಸ್ ಕೊಂಡರೆ ಏನಾದರೂ ಬದಲಾದೀತೇ?")

ಪ್ರಿಯ ಮಿತ್ರರೇ,

ಬಿಸಿಲಿನ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ನಿಮ್ಮ ಉಳಿದ ಬೇಸರವೆಲ್ಲ ಅದರ ಬೆನ್ನಿಗೇ ಹುಟ್ಟಿದೆ ಎಂದು ನನಗೆ ತೋರುತ್ತದೆ.

ಸಾಗರವೂ ಚಿತ್ರದುರ್ಗವೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಸುಮಾರು 14 ಡಿಗ್ರಿ ಉತ್ತರದಲ್ಲಿ. ಎರಡೂ ಊರುಗಳಲ್ಲಿ ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ನಡುವಿಗೊಮ್ಮೆ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ನಡುವಿನ ತಿಂಗಳುಗಳಲ್ಲೂ ಅಲ್ಲಿಂದ ಬಹಳ ದೂರ ಸರಿಯುವುದಿಲ್ಲ. ಸೂರ್ಯ ಅದೇ. ನಿಮ್ಮೂರಿನಲ್ಲಿ ಅವನಿಗೆ ಮೋಡವೂ ಮರವೂ ಅಡ್ಡ ಇದ್ದವು. ಮಳೆಗಾಲದುದ್ದಕ್ಕೂ ಬೆಳಕನ್ನು ಮೋಡವೇ ಸೋಸಿ ಕೊಡುತ್ತಿತ್ತು, ಎಲ್ಲಿ ನಿಲ್ಲಿಸಿದರೂ ಮುಖ ಚೆನ್ನಾಗಿ ಬರುತ್ತಿತ್ತು. ಬಯಲುಸೀಮೆಯಲ್ಲಿ ಆ ಕೆಲಸವನ್ನು ನೀವೇ ಮಾಡಬೇಕು. ನಡುಹಗಲಿನಲ್ಲಿ ಹುಬ್ಬಿನ ನೆರಳು ಕಣ್ಣನ್ನು ನುಂಗುತ್ತದೆ. ಆ ಹೊತ್ತಿನಲ್ಲಿ ಯಾರನ್ನೂ ಬಯಲಿನಲ್ಲಿ ನಿಲ್ಲಿಸಬೇಡಿ. ಗೋಡೆಯ ನೆರಳಿಗೆ ಕರೆದು, ಬಯಲಿನ ಕಡೆ ಮುಖ ಮಾಡಿಸಿ. ನೆಲದಿಂದಲೂ ಎದುರು ಗೋಡೆಯಿಂದಲೂ ಪುಟಿದು ಬರುವ ಬೆಳಕು ಧಾರಾಳವಾಗಿರುತ್ತದೆ. ಸಾಲದಿದ್ದರೆ ಒಂದು ಬಿಳಿ ಥರ್ಮಕೋಲ್ ಹಾಳೆ ಸಾಕು.

ಮುಖ ಕಪ್ಪಾಗುವುದಕ್ಕೆ ಇನ್ನೊಂದು ಕಾರಣವೂ ಇದೆ. ಹಳ್ಳಿಗಳಿಂದ ಬರುವ ಹಿರಿಯರು ಬಿಳಿ ಅಂಗಿ, ಬಿಳಿ ಪಂಚೆ, ಬಿಳಿ ರುಮಾಲಿನಲ್ಲಿರುತ್ತಾರೆ. ಕ್ಯಾಮೆರಾದೊಳಗೆ ಬೆಳಕನ್ನು ಅಳೆಯುವ ಮೀಟರ್ ಎದುರಿಗಿರುವುದನ್ನೆಲ್ಲ ನಡುಬೂದು ಎಂದೇ ಎಣಿಸಿ ಅಳೆಯುತ್ತದೆ. ಚೌಕಟ್ಟಿನಲ್ಲಿ ಬಿಳಿ ಹೆಚ್ಚಾದರೆ ಬೆಳಕನ್ನು ತಗ್ಗಿಸಿಬಿಡುತ್ತದೆ, ಅದರ ದಂಡವನ್ನು ಮುಖ ತೆರುತ್ತದೆ. ಚುಕ್ಕೆಯಷ್ಟು ಜಾಗದ ಬೆಳಕನ್ನು ಮಾತ್ರ ಅಳೆಯುವ ಸ್ಪಾಟ್ ಮೀಟರಿಂಗ್‌ಗೆ ಬದಲಿಸಿ ಕೆನ್ನೆಯ ಮೇಲೆ ಅಳೆಯಿರಿ. ಮೈಬಣ್ಣ ಕಡುಗಪ್ಪಾದರೆ ಅಲ್ಲಿಂದ ಬೆಳಕನ್ನು ಅರ್ಧ ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ). ಅಂಗಿಯ ಮಡಿಕೆಗಳು ಕೊಂಚ ಮಾಸಿಹೋದರೆ ಹೋಗಲಿ.

ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. 'ಬೆಳ್ಳಗೆ ಮಾಡಿಕೊಡಿ' ಎಂಬ ಮಾತಿಗೆ ನೀವು ದಯವಿಟ್ಟು ಸೋಲಬಾರದು. ಬಿಸಿಲಿನಲ್ಲಿ ದುಡಿದ ಹೆಂಗಸಿನ ಮುಖವನ್ನು ಕಂಪ್ಯೂಟರ್‌ನಲ್ಲಿ ಉಜ್ಜಿ ಉಜ್ಜಿ ಸುಣ್ಣದ ಬಣ್ಣಕ್ಕೆ ತಂದು ಕೊಡುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಆಕೆಯ ಮುಖದಲ್ಲಿ ಸರಿಪಡಿಸಬೇಕಾದದ್ದು ಏನೂ ಇಲ್ಲ, ಸರಿಪಡಿಸಬೇಕಾದದ್ದು ಬೆಳಕನ್ನು. ಒಳ್ಳೆಯ ಬೆಳಕಿನಲ್ಲಿ ತೆಗೆದ ಪ್ರತಿಯನ್ನು ಮೊದಲು ಅವರ ಮುಂದಿಡಿ. ಕಣ್ಣು ಹೊಳೆಯುತ್ತಿದ್ದರೆ, ಮುಖದ ಗೆರೆಗಳು ಸ್ಪಷ್ಟವಾಗಿದ್ದರೆ, ಬಹಳ ಮಂದಿ ಬಿಳುಪಿನ ಮಾತೆತ್ತುವುದಿಲ್ಲ. ಕೆಲವರು ಎತ್ತುತ್ತಾರೆ. ಆ ಒಬ್ಬಿಬ್ಬರು ಗಿರಾಕಿಗಳು ಬೇರೆ ಅಂಗಡಿಗೆ ಹೋದರೂ ಚಿಂತೆಯಿಲ್ಲ ಎನ್ನುತ್ತೇನೆ, ಅದರಿಂದ ನಿಮ್ಮ ಸಂಪಾದನೆಗೆ ಪೆಟ್ಟು ಬೀಳುತ್ತದೆಂದು ತಿಳಿದೇ ಹೇಳುತ್ತಿದ್ದೇನೆ.

ಇನ್ನು ನಿಮ್ಮ ದಿನಗಳನ್ನು ತಿನ್ನುತ್ತಿದೆ ಎಂದು ನೀವು ದೂರುವ ಪಾಸ್‌ಪೋರ್ಟ್ ಅಳತೆಯ ಫೋಟೊ. ಇಲ್ಲಿ ನಿಮ್ಮ ಮಾತನ್ನು ನಾನು ಒಪ್ಪುವುದೇ ಇಲ್ಲ. ಪಿಂಚಣಿಗೆ, ಪಡಿತರ ಚೀಟಿಗೆ, ಬಸ್ ಪಾಸಿಗೆ, ಪರೀಕ್ಷೆಯ ಅರ್ಜಿಗೆ ಎಂದು ಇಡೀ ತಾಲ್ಲೂಕು ನಿಮ್ಮ ಸ್ಟೂಲಿನ ಮೇಲೆ ಬಂದು ಕೂರುತ್ತಿದೆ. ಬೀದಿಯಲ್ಲಿ ಕ್ಯಾಮೆರಾ ಎತ್ತಲು ಸಂಕೋಚ ಎನ್ನುತ್ತೀರಿ. ಇಲ್ಲಿ ಅವರೇ ಎದುರಿಗೆ ಕುಳಿತು ನಿಮ್ಮನ್ನೇ ನೋಡುತ್ತಿದ್ದಾರೆ. ಎಷ್ಟೋ ಮನೆಗಳಲ್ಲಿ ಅಜ್ಜಿಯ ಚಿತ್ರವೆಂದು ಉಳಿಯುವುದು ಹೀಗೆ ವೃದ್ಧಾಪ್ಯ ವೇತನಕ್ಕಾಗಿ ತೆಗೆಸಿದ ಒಂದೇ ಫೋಟೊ. ಆಕೆ ಹೋದ ಮೇಲೆ ಮಕ್ಕಳು 35 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಎತ್ತರದ ಆ ತುಣುಕನ್ನೇ ತಂದು 'ದೊಡ್ಡದು ಮಾಡಿಕೊಡಿ' ಎಂದು ಕೇಳುತ್ತಾರೆ. ಗೋಡೆಯ ಮೇಲೆ ಹಾರ ಬೀಳುವುದು ಅದಕ್ಕೆ. ಆದ್ದರಿಂದ ಅರ್ಜಿಯ ಫೋಟೊ ಮುಗಿದ ಮೇಲೆ, ಅವರು ಒಪ್ಪಿದರೆ, ಇನ್ನೆರಡು ನಿಮಿಷ ಕೂರಿಸಿಕೊಳ್ಳಿ. ಹಿಂದಿನ ಬಿಳಿ ಪರದೆಯನ್ನು ಸರಿಸಿ. ಕೈಗಳೂ ಕಾಣುವಂತೆ ಒಂದು ಚಿತ್ರ ತೆಗೆಯಿರಿ. ಮೂಲ ಫೈಲನ್ನು ಕುಗ್ಗಿಸದೆ ಹೆಸರು, ಊರು, ತಾರೀಖು ಬರೆದು ಎರಡು ಕಡೆ ಉಳಿಸಿಡಿ. ಹತ್ತು ವರ್ಷ ಹೀಗೆ ಮಾಡಿದರೆ ಈ ಊರಿನ ಬಗ್ಗೆ ನಿಮ್ಮಲ್ಲಿರುವಷ್ಟು ಯಾವ ಕಚೇರಿಯ ಕಡತದಲ್ಲೂ ಇರುವುದಿಲ್ಲ.

ಕೋಟೆಯ ವಿಷಯ. ಎಲ್ಲರೂ ತೆಗೆದಾಗಿದೆ ಎಂಬುದು ಅರ್ಧ ಮಾತ್ರ ನಿಜ. ಏಳು ಸುತ್ತಿನ ಕೋಟೆಯನ್ನು ನಾವು ನೋಡುವುದು ಯುದ್ಧದ ಕಡೆಯಿಂದ: ಓಬವ್ವನ ಕಿಂಡಿ, ಮದಕರಿನಾಯಕ, 1779ರ ಸೋಲು. ನೀವು ನೀರಿನ ಕಡೆಯಿಂದ ನೋಡಿ. ಬಂಡೆಗಳ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ಸೇರಿ, ಅಲ್ಲಿ ತುಂಬಿದ್ದು ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ ಇಳಿದು, ಕೊನೆಗೆ ಪೇಟೆಯ ಸಂತೆ ಹೊಂಡಕ್ಕೆ ಬರುವಂತೆ ಕಟ್ಟಿದ್ದಾರೆ. ಗುಡ್ಡದ ತುದಿಯಿಂದ ಅಂಗಡಿ ಬೀದಿಯವರೆಗೆ ಆ ಹಾದಿಯನ್ನು ಒಂದು ಬೇಸಿಗೆಯಲ್ಲಿ, ಒಂದು ಮಳೆಯಲ್ಲಿ ನಡೆದು ತೆಗೆದ ಚಿತ್ರಮಾಲೆಯನ್ನು ನಾನು ಇದುವರೆಗೆ ನೋಡಿಲ್ಲ. (ಕೋಟೆಯೊಳಗೆ ಟ್ರೈಪಾಡ್ ನಿಲ್ಲಿಸುವುದಾದರೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ.)

ಇದು ನಿಮಗೇ ಸಲ್ಲಬೇಕಾದ ಕೆಲಸ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ನೀರು ಯಾವಾಗಲೂ ಇರುವ ಸೀಮೆಯಿಂದ ನೀವು ಬಂದಿರಿ, ಇಲ್ಲಿಯವರು ಅದಕ್ಕಾಗಿ ಕಾಯುತ್ತಾರೆ. ಹಿರಿಯೂರಿನ ಬಳಿ ವೇದಾವತಿ ನದಿಗೆ ಕಟ್ಟಿದ ವಾಣಿ ವಿಲಾಸ ಸಾಗರ ಅಣೆಕಟ್ಟು 1907ರಲ್ಲಿ ಪೂರ್ತಿಯಾಯಿತು. ಅದು 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ. ಆಗ ಕೋಡಿ ನೋಡಲು ಜನ ಜಾತ್ರೆಗೆ ಬಂದಂತೆ ಬಂದರು. ಹರಿಯುವ ನೀರನ್ನು ನೋಡಲು ಬುತ್ತಿ ಕಟ್ಟಿಕೊಂಡು ಬರುವವರ ಮುಖ ನಿಮ್ಮೂರಿನಲ್ಲಿ ಸಿಗುತ್ತದೆಯೇ?

ಸಮಯ ಎಲ್ಲಿದೆ ಎಂದರೆ, ಆಷಾಢವಿದೆ. ಮದುವೆಗಳಿಲ್ಲದ ಆ ತಿಂಗಳನ್ನು ನಿಮ್ಮ ವೃತ್ತಿಯವರು ಬರಗಾಲವೆಂದು ಶಪಿಸುತ್ತಾರೆ. ಆಗ ಊರಿನ ಹತ್ತಿರದ ಜೋಗಿಮಟ್ಟಿ ಬೆಟ್ಟದ ಕಡೆ ಹೋಗಿ ನಿಲ್ಲಿ. ಗಾಳಿಗೆ ಮೋಡಗಳು ಓಡುತ್ತಿರುತ್ತವೆ, ಮಳೆ ಸುರಿಸದೆ. ಬಂಡೆಗಳ ಮೇಲೆ ಬೆಳಕು ಬಂದು ಹೋಗಿ ಬಂದು ಹೋಗಿ ಮಾಡುತ್ತಿರುತ್ತದೆ. ನಿಮಗೆ ಬೇಕಾದ ಮೋಡ ಇಲ್ಲಿಯೂ ಉಂಟು, ನಿಂತು ಕಾಯಬೇಕು ಅಷ್ಟೇ.

ಸಂಕೋಚಕ್ಕೆ ಮದ್ದು ಪ್ರಿಂಟ್. ಸಂತೆಯಲ್ಲಿ ಈರುಳ್ಳಿ ಮಾರುವವರ ಚಿತ್ರ ತೆಗೆದರೆ ಮುಂದಿನ ವಾರ ಅದೇ ಜಾಗಕ್ಕೆ ಪ್ರತಿಯೊಂದಿಗೆ ಹೋಗಿ. ಮೊಬೈಲಿಗೆ ಕಳಿಸಿ ಕೈತೊಳೆದುಕೊಳ್ಳಬೇಡಿ, ಕಾಗದವನ್ನು ಕೈಯಲ್ಲಿಡಿ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ 'ಮಾಡಿದಷ್ಟು ನೀಡು ಭಿಕ್ಷೆ' ಎಂಬ ಮಾತನ್ನು ಈ ಜಿಲ್ಲೆಯ ಮಕ್ಕಳೂ ಬಲ್ಲರು. ಪಡೆದದ್ದನ್ನು ಹಿಂದಿರುಗಿಸುವವನನ್ನು ಇಲ್ಲಿಯ ಜನ ಹೊರಗಿನವನೆಂದು ಬಹಳ ದಿನ ದೂರವಿಡುವುದಿಲ್ಲ.

ಬೆಂಗಳೂರಿಗೆ ಹೋಗುವುದು ತಪ್ಪೇನಲ್ಲ. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರೂ ಊರು ಬಿಟ್ಟು ದೆಹಲಿಯವರೆಗೆ ಹೋದರು. ಯುನಿಸೆಫ್‌ಗಾಗಿ ದೇಶ ತಿರುಗಿ ಮಕ್ಕಳ ಚಿತ್ರಗಳನ್ನು ತೆಗೆದರು. 1977ರಲ್ಲಿ ಪದ್ಮಶ್ರೀ ಬಂತು. ಆದರೆ ಅವರ ಚಿತ್ರಗಳಲ್ಲಿ ಇರುವವರು ಯಾವ ಊರಿನಲ್ಲೂ ಸಿಗುವ ಸಾಮಾನ್ಯ ಜನ. ಅವರನ್ನು ಇಲ್ಲಿ ಕಾಣದೆ ಹೋದರೆ ಬೆಂಗಳೂರಿನಲ್ಲೂ ಕಾಣಲಾರಿರಿ. ಪತ್ನಿಯ ಕೆಲಸ ಇಲ್ಲಿರುವಾಗ ಮನೆಯನ್ನು ಎರಡು ಮಾಡಿಕೊಳ್ಳುವ ಮೊದಲು ಒಂದು ಪೂರ್ತಿ ವರ್ಷ ದುರ್ಗಕ್ಕೆ ಕೊಡಿ.

ಲೆನ್ಸ್ ಈಗ ಬೇಡ. ಆ ಹಣದಲ್ಲಿ ಒಂದು ಒಳ್ಳೆಯ ಪ್ರಿಂಟರ್, ಎರಡು ಹಾರ್ಡ್ ಡಿಸ್ಕ್ ಕೊಳ್ಳಿ. ಹೊಂಡಗಳ ಚಿತ್ರಗಳು ಹತ್ತಾದರೂ ಕೂಡಿದಾಗ, ಪ್ರತಿಯೊಂದರ ಹಿಂದೆ ಸ್ಥಳ ಮತ್ತು ತಿಂಗಳು ಬರೆದು ನಮಗೆ ಕಳಿಸಿ. ಪುಟಗಳನ್ನು ನಾನು ಕಾಯ್ದಿರಿಸುತ್ತೇನೆ, ಸಂಭಾವನೆಯನ್ನೂ ಕೊಡುತ್ತೇವೆ.

— ಸಂಪಾದಕ