ಫ್ರಿಜ್ಜಿನಲ್ಲಿದ್ದ ‘ವಿಟಮಿನ್’

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಚಿಕ್ಕಮಗಳೂರಿನ ನನ್ನ ಕೌನ್ಸೆಲಿಂಗ್ ಕೋಣೆಗೆ ಆ ಹುಡುಗ ಬಂದಾಗ ಜೋರು ಮಳೆ. ವಯಸ್ಸು 24. ಕೈಮರದಿಂದ ಮುಳ್ಳಯ್ಯನಗಿರಿಯ ಏರು ತುಳಿದು ತುಳಿದೇ ಸೈಕ್ಲಿಸ್ಟ್ ಆದವನು. ಅಪ್ಪ, ಅಮ್ಮ ಕಾಫಿ ತೋಟದ ಕೆಲಸಕ್ಕೆ ಹೋಗುವವರು. ಜೇಬಿನಲ್ಲಿ ನಾಡಾ, ಅಂದರೆ ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ರಾಷ್ಟ್ರೀಯ ಸಂಸ್ಥೆಯ ನೋಟಿಸಿನ ಪ್ರಿಂಟ್ ಇತ್ತು. ಮಡಚಿ ಬಿಚ್ಚಿ ಅದರ ಮೂಲೆ ಹರಿದಿತ್ತು. ಪರೀಕ್ಷೆಯಲ್ಲಿ ಇಪಿಒ ಸಿಕ್ಕಿತ್ತು. ಅದು ಕೆಂಪು ರಕ್ತಕಣ ಹೆಚ್ಚಿಸುವ, ಕ್ರೀಡೆಯಲ್ಲಿ ನಿಷೇಧಿಸಿದ ಮದ್ದು.

“4 ವರ್ಷದ ನಿಷೇಧ, 4 ವರ್ಷ ಹೋಯ್ತು ಮೇಡಂ” ಅಂತ ಮತ್ತೆ ಮತ್ತೆ ಹೇಳಿದ. ಅಲ್ಲಿವರೆಗೂ ಅವನ ದನಿ ಗಟ್ಟಿಯಾಗಿಯೇ ಇತ್ತು. ಅಮ್ಮನ ವಿಷಯ ಬಂದಾಗ ಗಂಟಲು ಕಟ್ಟಿತು. ಇಪಿಒ ತಂಪಿನಲ್ಲಿ ಇಡಬೇಕಾದ ಇಂಜೆಕ್ಷನ್. ವಿಟಮಿನ್ ಅಂತ ಹೇಳಿ ಅಮ್ಮನ ಕೈಗೇ ಕೊಟ್ಟಿದ್ದ. ಆಕೆ ಅದನ್ನು ಹಾಲಿನ ಪಾಕೆಟ್ ಪಕ್ಕ ಜೋಪಾನವಾಗಿ ಇಟ್ಟಿದ್ದಳು. ಕರೆಂಟ್ ಹೋದರೆ ಒದ್ದೆ ಬಟ್ಟೆ ಸುತ್ತಿ ಇಡುತ್ತಿದ್ದಳಂತೆ, ಮಗನ ಔಷಧಿ ಕೆಡಬಾರದು ಅಂತ.

ಸಾಯಬೇಕು ಅನ್ನಿಸಿದೆಯಾ ಅಂತ ನೇರವಾಗಿ ಕೇಳಿದೆ. ಎರಡು ಸಲ ಅನ್ನಿಸಿದೆ ಅಂದ. ನನಗೆ ಇಟಲಿಯ ಸೈಕ್ಲಿಸ್ಟ್ ಮಾರ್ಕೊ ಪಂಟಾನಿ ನೆನಪಾದ. 1999ರ ಇಟಲಿ ರೇಸಿನಲ್ಲಿ ಗೆಲುವು ಕೈಗೆಟುಕುವಂತಿದ್ದಾಗಲೇ ರಕ್ತಪರೀಕ್ಷೆಯಿಂದ ಹೊರಬಿದ್ದವನು. 2004ರಲ್ಲಿ ರಿಮಿನಿಯ ಹೋಟೆಲ್ ಕೋಣೆಯಲ್ಲಿ ಒಬ್ಬನೇ ಸತ್ತ. ಈ ಹುಡುಗನನ್ನು ಒಂಟಿಯಾಗಿ ಬಿಡಬಾರದು ಅನ್ನಿಸಿತು. ರಾತ್ರಿ ಅಣ್ಣನ ಜೊತೆ ಮಲಗು ಅಂದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವನ ಮೊಬೈಲಿನಲ್ಲಿ ನಾನೇ ಸೇವ್ ಮಾಡಿಕೊಟ್ಟೆ. ಇಪಿಒ ರಕ್ತವನ್ನು ಗಟ್ಟಿ ಮಾಡುತ್ತೆ, ಹೆಪ್ಪುಗಟ್ಟುವ ಅಪಾಯ ಜಾಸ್ತಿ. ಅದಕ್ಕೇ ಮರುದಿನವೇ ಡಾಕ್ಟರ ಬಳಿ ಕಳಿಸಿದೆ.

ನೋಟಿಸ್ ಬಂದು ಆಗಲೇ 9 ದಿನ. 20 ದಿನದೊಳಗೆ ತಪ್ಪು ಒಪ್ಪಿ ಶಿಕ್ಷೆಗೂ ಒಪ್ಪಿದರೆ 4 ವರ್ಷದ ನಿಷೇಧ 3ಕ್ಕೆ ಇಳಿಯುವ ಅವಕಾಶ ಇದೆ, ವಕೀಲರನ್ನು ಕೇಳು ಅಂದೆ. “ಒಪ್ಪಿಕೊಂಡರೆ ಎಲ್ಲಾ ಮುಗೀತಲ್ವಾ?” ಅಂದ. ಬ್ರಿಟನ್ನಿನ ಸೈಕ್ಲಿಸ್ಟ್ ಡೇವಿಡ್ ಮಿಲ್ಲರ್ ಕಥೆ ಹೇಳಿದೆ. ಅವನೂ ಇಪಿಒ ತೆಗೆದುಕೊಂಡಿದ್ದನ್ನು 2004ರಲ್ಲಿ ಒಪ್ಪಿಕೊಂಡ, 2 ವರ್ಷ ಹೊರಗಿದ್ದ, 2006ರಲ್ಲಿ ವಾಪಸ್ ಬಂದು ಡೋಪಿಂಗ್ ವಿರುದ್ಧವೇ ಮಾತಾಡಿದ. ನೀನೂ ಹಾಗೇ ಗೆಲ್ಲುತ್ತೀಯ ಅಂತ ಮಾತ್ರ ಹೇಳಲಿಲ್ಲ. ಸುಮ್ನೆ ಆಸೆ ಹುಟ್ಟಿಸುವುದು ನನಗೆ ಇಷ್ಟವಿಲ್ಲ.

ಆದರೆ ನಾಡಾಗೆ ಬರೆಯುವ ಮೊದಲು ಅಮ್ಮನಿಗೆ ಹೇಳು ಅಂದೆ. ಮೋಸ ಹೋದವರಲ್ಲಿ ಮೊದಲನೆಯವಳು ಆಕೆಯೇ. ಬೇರೆಯವರ ಬಾಯಿಂದ ಆಕೆಗೆ ಗೊತ್ತಾಗಬಾರದು. ಯಾರು ಕೊಟ್ಟರು, ಎಲ್ಲರೂ ಮಾಡ್ತಾರೆ ಅನ್ನುವ ಮಾತು ಅಲ್ಲಿ ಬೇಡ. “ಸುಳ್ಳು ಹೇಳಿ ನಿನ್ನ ಕೈಯಲ್ಲಿ ಇಡಿಸಿದೆ” ಅಷ್ಟು ಸಾಕು.

ಹೇಳಿದ. 17ನೇ ದಿನ ಒಪ್ಪಿಗೆ ಪತ್ರವನ್ನೂ ಕಳಿಸಿದ. ಈಗ ರಾತ್ರಿ ನಿದ್ದೆ ಬರುತ್ತಿದೆ. ಅಮ್ಮ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ, ಊಟಕ್ಕೆ ಮಾತ್ರ ಕರೆಯುತ್ತಾಳಂತೆ. ಮುಂದಿನ ಗುರುವಾರ ಆಕೆಯನ್ನೂ ಕರೆದುಕೊಂಡು ಬಾ ಅಂದಿದ್ದೇನೆ.