ಲೆಡ್ಜರಿನಲ್ಲಿ ಪಳಗಿದವರು ಕಂಪ್ಯೂಟರ್ ಮುಂದೆ ನಿಧಾನವಾದರೆ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಸಿಇಒ. ಸೊಸೈಟಿಗೆ ಹೊಸ ಸಾಫ್ಟ್‌ವೇರ್ ಬಂದಿದೆ. ನಮ್ಮ ಹಿರಿಯ ಗುಮಾಸ್ತರು ಮೂರು ದಿನದ ತರಬೇತಿ ಪಡೆದು ಬಂದರೂ ಒಂದು ರಸೀದಿ ಹಾಕಲು ತಡಕಾಡುತ್ತಾರೆ. ಕೌಂಟರಿನಲ್ಲಿ ರೈತರು ಗೊಣಗುತ್ತಾರೆ. ಯಾರಾದರೂ ಹುಡುಗನನ್ನು ತಗೊಳ್ಳಿ ಎಂದು ನಿರ್ದೇಶಕರು ಒತ್ತಾಯಿಸುತ್ತಿದ್ದಾರೆ. ಗುಮಾಸ್ತರೇ ಸ್ವಯಂ ನಿವೃತ್ತಿ ಪತ್ರ ಬರೆದುಕೊಟ್ಟಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಆ ಪತ್ರವನ್ನು ಅವರಿಗೇ ವಾಪಸ್ ಕೊಡಿ. ಹೊಸ ವ್ಯವಸ್ಥೆ ಬಂದ ಮೊದಲ ತಿಂಗಳುಗಳಲ್ಲಿ ಕೆಲಸ ಕುಂಟುವುದು ಎಲ್ಲ ಕಡೆಯೂ ಇದ್ದದ್ದೇ. ಆ ಅವಧಿ ನೋಡಿ ಒಬ್ಬರ ಸಾಮರ್ಥ್ಯ ಅಳೆಯುವುದು ಅನ್ಯಾಯ. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಕೃಷಿ ಪತ್ತಿನ ಸಂಘ ಹುಟ್ಟಿದಂದಿನಿಂದ ಈ ಲೆಕ್ಕ ಹೆಚ್ಚಾಗಿ ಕೈಬರಹದಲ್ಲೇ ನಡೆದು ಬಂದಿದೆ. ದೇಶದ 63,000 ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸಂಪುಟ ಒಪ್ಪಿದ್ದು 2022ರ ಜೂನ್‌ನಲ್ಲಿ. ಇಷ್ಟು ದೊಡ್ಡ ಬದಲಾವಣೆ ಮೂರು ದಿನದಲ್ಲಿ ಕೈಗೆ ಹತ್ತುವುದಿಲ್ಲ.

ಒಂದು ಬೆಳಗ್ಗೆ ಅವರ ಪಕ್ಕ ಕೂತು, ಬಾಯಿ ಬಿಡದೆ ನೋಡಿ. ಎಲ್ಲಿ ನಿಲ್ಲುತ್ತಾರೆ? ಬೆರಳು ಕೀಲಿ ಹುಡುಕುತ್ತಿದ್ದರೆ ಅದು ರೂಢಿಯಿಂದ ಸರಿಹೋಗುತ್ತದೆ. ಆದರೆ ಅನುಭವಿಗಳು ಹೆಚ್ಚಾಗಿ ಕಂಗೆಡುವುದು ಬೇರೆ ಕಡೆ. ಲೆಡ್ಜರಿನ ಒಂದೇ ಪುಟದಲ್ಲಿ ಸದಸ್ಯನ ಸಾಲ, ಕಟ್ಟಿದ ಕಂತು, ಬಾಕಿ ಎಲ್ಲ ಒಟ್ಟಿಗೆ ಕಾಣುತ್ತಿತ್ತು. ಈಗ ಒಂದೊಂದಕ್ಕೂ ಬೇರೆ ಪರದೆ ತೆರೆಯಬೇಕು. ಯಾವ ಮಾಹಿತಿ ಎಲ್ಲಿದೆ ಎಂಬ ಒಂದು ಹಾಳೆಯನ್ನು ಅವರಿಂದಲೇ ಬರೆಸಿ ಮೇಜಿಗೆ ಅಂಟಿಸಿ.

ಇನ್ನೊಂದು, ಭಯ. ಪುಸ್ತಕದಲ್ಲಿ ತಪ್ಪಾದರೆ ಗೆರೆ ಎಳೆದು ಸಹಿ ಹಾಕಿದರಾಯಿತು. ಕಂಪ್ಯೂಟರಿನಲ್ಲಿ ಒತ್ತಿದ್ದು ಒತ್ತಿದಂತೆಯೇ ಉಳಿದು ಕೊನೆಗೆ ತಮ್ಮ ತಲೆಗೆ ಬರುತ್ತದೆ ಎಂದು ಅವರು ನಡುಗುತ್ತಿರಬಹುದು. ನೀವು ಪಾಸ್ ಮಾಡುವ ಮೊದಲು ಎಂಟ್ರಿ ತಿದ್ದುವುದು ಹೇಗೆ, ಆಮೇಲೆ ಅದನ್ನು ರಿವರ್ಸ್ ಮಾಡುವುದು, ಅಂದರೆ ಉಲ್ಟಾ ಎಂಟ್ರಿ ಹಾಕಿ ರದ್ದು ಮಾಡುವುದು ಹೇಗೆ ಎಂದು ಅವರ ಕೈಯಲ್ಲೇ ಮಾಡಿಸಿ. ಈ ಧೈರ್ಯ ಬರದೆ ವೇಗ ಬರುವುದಿಲ್ಲ.

ತರಬೇತಿಯ ವಿಷಯ. ಕಲಿತದ್ದರಲ್ಲಿ ಹೆಚ್ಚಿನ ಪಾಲು ಮೊದಲ ದಿನಗಳಲ್ಲೇ ಮರೆತುಹೋಗುತ್ತದೆ ಎಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹಾಸ್ 1885ರಲ್ಲೇ ತೋರಿಸಿದ್ದರು. ಸಭಾಂಗಣದಲ್ಲಿ ಪರದೆ ನೋಡಿ ಬಂದು, ವಾರಗಟ್ಟಲೆ ಲಾಗಿನ್ ಸಿಗದೆ ಕೂತವರಿಗೆ ಏನು ನೆನಪಿರುತ್ತದೆ? ಕಲಿತದ್ದು ಕೆಲಸಕ್ಕೆ ಬರುವುದು ಕಚೇರಿಯ ವಾತಾವರಣವನ್ನೂ ಅವಲಂಬಿಸಿದೆ ಎಂದು ತರಬೇತಿಯ ಬಗ್ಗೆ ಅಧ್ಯಯನ ಮಾಡಿದ ಬಾಲ್ಡ್‌ವಿನ್ ಮತ್ತು ಫೋರ್ಡ್ 1988ರಲ್ಲಿ ವಿವರಿಸಿದರು. ಮೇಲಧಿಕಾರಿಯ ಬೆಂಬಲ, ಕೂಡಲೇ ಬಳಸುವ ಅವಕಾಶ, ಎರಡೂ ಬೇಕು. ಅಂದರೆ ಈ ಹೊಣೆಯಲ್ಲಿ ನಿಮ್ಮ ಪಾಲೂ ದೊಡ್ಡದಿದೆ.

ಮೊದಲು ಠೇವಣಿ ರಸೀದಿ ಮಾತ್ರ ಹಾಕಲಿ. ಅದು ಸಲೀಸಾದ ಮೇಲೆ ಸಾಲ ವಸೂಲಿ, ಕೊನೆಗೆ ಹೊಸ ಸಾಲ. ಜನ ಮುಗಿಬೀಳುವ ಮಾರ್ಚ್ ಕೊನೆಯಲ್ಲಿ ಮಾತ್ರ ಹೊಸದೇನನ್ನೂ ಕಲಿಸಲು ಹೋಗಬೇಡಿ. ದಿನಕ್ಕೆಷ್ಟು ಎಂಟ್ರಿ ಎಂದು ಎಣಿಸುವ ಬದಲು ಎಷ್ಟು ತಿದ್ದಬೇಕಾಯಿತು ಎಂಬುದನ್ನು ವಾರವಾರ ನೋಡಿ.

ಹುಡುಗನನ್ನು ಖಂಡಿತ ತಗೊಳ್ಳಿ, ಆದರೆ ಗುಮಾಸ್ತರ ಪಕ್ಕದಲ್ಲಿ ಕೂರಿಸಿ. ಅವನು ಬಾಯಲ್ಲಿ ಹೇಳಿಕೊಡಲಿ, ಮೌಸ್ ಮುಟ್ಟಬಾರದು. ‘ಕೊಡಿ ಸಾರ್, ನಾನೇ ಮಾಡ್ತೀನಿ’ ಎಂಬ ಒಂದು ಮಾತು ಹಿರಿಯರ ಕಲಿಕೆಯನ್ನು ಅಲ್ಲಿಗೇ ನಿಲ್ಲಿಸುತ್ತದೆ. ಹುಡುಗನಿಗೂ ಅವರು ಬೇಕು. ಹಳೆಯ ಬಾಕಿಗಳನ್ನು ಸಾಫ್ಟ್‌ವೇರಿಗೆ ಏರಿಸುವಾಗ ಒಂದೇ ಹೆಸರಿನ ಮೂವರು ಬಸಪ್ಪರಲ್ಲಿ ಸಾಲ ಯಾರದು, ತೀರಿಹೋದ ಸದಸ್ಯನ ವಾರಸುದಾರ ಯಾರು ಎಂಬುದು ಅವರಿಗಷ್ಟೇ ಗೊತ್ತು. ಇಲ್ಲಿ ತಪ್ಪಿದರೆ ಆಡಿಟ್‌ನಲ್ಲಿ ಸಿಕ್ಕಿಬೀಳುವವರು ನೀವು, ನಿರ್ದೇಶಕರಿಗೆ ಇದನ್ನೇ ಮುಂದಿಡಿ. ಮುಂಗಾರು, ಹಿಂಗಾರು ಎರಡೂ ಸಾಲದ ಹಂಗಾಮು ಕಳೆಯಲಿ. ಆಗಲೂ ಕೈ ಹತ್ತದಿದ್ದರೆ ಸಂಬಳ ಕಡಿಮೆ ಮಾಡದೆ ದಾಖಲೆ ಪರಿಶೀಲನೆಯ ಕೆಲಸ ಕೊಡಿ.